ಡ್ರಮ್ಸ್ ರೆಕಾರ್ಡಿಂಗ್‌ಗೆ ತಲೆ ತಗ್ಗಿಸದ ಮೈಕ್ ಸ್ಟ್ಯಾಂಡ್ ಯಾವುದು? ಅನುಭವ ಇದ್ದವರು ಹೇಳಿ

ಮಹಡಿ ರೂಮು, ಮೈಸೂರು:
ನಮಸ್ಕಾರ. ಮನೆ ಮಹಡಿಯಲ್ಲಿ 12ಕ್ಕೆ 11 ಅಡಿ ರೂಮು. ಐದು ಪೀಸ್ ಡ್ರಮ್ ಸೆಟ್ಟು, ನಾಲ್ಕು ಮೈಕು. ಕಿಕ್‌ಗೆ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ಒಂದು, ಸ್ನೇರ್‌ಗೆ (ಮುಂದಿನ ಚಿಕ್ಕ ಡ್ರಮ್) ಎಸ್‌ಎಂ57, ಇಡೀ ಸೆಟ್ಟನ್ನು ಮೇಲಿಂದ ಹಿಡಿಯೋ ಓವರ್‌ಹೆಡ್‌ಗೆ ಎರಡು ಪೆನ್ಸಿಲ್ ಕಂಡೆನ್ಸರ್ ಮೈಕು. ಹೋದ ಭಾನುವಾರ ಎರಡನೇ ಚರಣ ನಡೆಯುವಾಗ ಎಡಗಡೆ ಓವರ್‌ಹೆಡ್ ನಿಧಾನಕ್ಕೆ ಬಾಗಿ ಕ್ರ್ಯಾಶ್ ಸಿಂಬಲ್ ಮೇಲೆ ಕೂತಿತು. ಟೇಕ್ ಹೋಯಿತು, ಮೈಕಿನ ಜಾಲರಿ ನೆಗ್ಗಿತು. ಸ್ಟ್ಯಾಂಡ್‌ಗೆ ಅಂತ 15,000 ರೂಪಾಯಿ ಎತ್ತಿಟ್ಟಿದ್ದೇನೆ. ನಾಲ್ಕೂ ಸುಮಾರಾಗಿರೋದು ತಗೊಳ್ಳಲಾ, ಇಲ್ಲ ಎರಡು ಗಟ್ಟಿ, ಎರಡು ಸಾದಾ ತಗೊಳ್ಳಲಾ?

ಆರು ಸ್ಟ್ಯಾಂಡ್ ಕಳ್ಕೊಂಡವ:
ನಿಮ್ಮ ಪ್ರಶ್ನೆ ಓದಿ ಹೊಟ್ಟೆ ಉರಿಯಿತು. 2016ರಲ್ಲಿ ನಾನು ಒಂದೊಂದು 850ರಂತೆ ಆರು ಸ್ಟ್ಯಾಂಡ್ ತಂದೆ. ಒಟ್ಟು 5,100. ಸಾಗಾಟ 420 ಬೇರೆ. ಮೊದಲನೆಯದು ಹನ್ನೊಂದನೇ ದಿನ ಹೋಯಿತು. ಕಾಲು ಸೇರುವ ಜಾಗದ ಪ್ಲಾಸ್ಟಿಕ್ ಸೀಳಿತು. ಎರಡನೆಯದರ ಬಿಗಿ ಮಾಡೋ ಟೀ (T) ಹ್ಯಾಂಡಲ್ ಸುಮ್ನೆ ಸುತ್ತುತ್ತಲೇ ಇತ್ತು, ಬಿಗಿಯಾಗಲೇ ಇಲ್ಲ. ಮೂರನೆಯದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಸುತ್ತಿ ಬಾಳೆದಿಂಡಿನ ಹಾಗೆ ಮಾಡಿದೆ. ನಾಲ್ಕನೆಯದು ಮಾತ್ರ ನಿಜವಾಗಿ ಬಿದ್ದದ್ದು, ಅದೂ ಗೆಳೆಯನ ಕಂಡೆನ್ಸರ್ ಸಮೇತ. ರಿಪೇರಿಗೆ 6,700. ಗೆಳೆಯ ಇವತ್ತಿಗೂ ನನಗೆ ಮೈಕ್ ಕೊಡೋದಿಲ್ಲ. ಮಗಳ ಹೆಸರಿಡೋ ಶಾಸ್ತ್ರಕ್ಕೆ ಮಾತ್ರ ಕರೆದ.

ಅಂಗಡಿಯವರು ವಾರಂಟಿ ಇಲ್ಲ ಅಂದರು. ಆಮೇಲೆ ಜರ್ಮನಿಯ ಕೆ ಆಂಡ್ ಎಂ ಕಂಪನಿಯ 210/9 ಸ್ಟ್ಯಾಂಡ್ ಎರಡು ತಗೊಂಡೆ. ತೂಕ ಮೂರು ಕೆಜಿ ಮೇಲೆ, ಕಾಲು ಸೇರುವ ಬುಡ ಎರಕದ ಸತುವಿನದು. ಬಿಡಿಭಾಗ ಬೇರೆ ಬೇರೆ ಸಿಗುತ್ತದೆ. ಕ್ಲಚ್ಚಿನ (ಪೈಪು, ಅಡ್ಡ ತೋಳು ಜಾರದಂತೆ ಬಿಗಿ ಹಿಡಿಯೋ ಭಾಗ) ವಾಷರ್ ಒಂದು ಸಲ ಬದಲಾಯಿಸಿದ್ದೇನೆ, ಅಷ್ಟೇ. ಅಗ್ಗದ್ದು ಎರಡು ಸಲ ಕೊಳ್ಳೋದಕ್ಕಿಂತ ಗಟ್ಟಿಯದು ಒಂದು ಸಲ ಕೊಳ್ಳಿ ಅಂತ ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ಕೇಳ್ತಿರಲಿಲ್ಲ ಬಿಡಿ.

ಗುಜರಿ ಪ್ರೇಮಿ, ಹುಬ್ಬಳ್ಳಿ:
ಜರ್ಮನಿ ತನಕ ಯಾಕ್ರೀ ಹೋಗೋದು? ನನ್ನ ಓವರ್‌ಹೆಡ್ ಸ್ಟ್ಯಾಂಡ್ ನಮ್ಮ ಓಣಿಯ ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿದ್ದು. ಬುಡಕ್ಕೆ ಗುಜರಿಯಿಂದ ಹಳೆ ಕಾರಿನ ಬ್ರೇಕ್ ಡಿಸ್ಕ್, ಏಳು ಕೆಜಿ, ಕೆಜಿ ಲೆಕ್ಕದಲ್ಲಿ 245 ರೂಪಾಯಿ. ಮೇಲಕ್ಕೆ ಜಿಐ ಪೈಪು 310. ವೆಲ್ಡಿಂಗ್ 200. ಪೇಂಟು ಮನೆಯಲ್ಲಿ ಗೇಟಿಗೆ ತಂದು ಉಳಿದದ್ದು.

ಯಡವಟ್ಟು ಆದದ್ದು ಥ್ರೆಡ್‌ನಲ್ಲಿ. ಮೈಕ್ ಕ್ಲಿಪ್ಪಿಗೆ ಬೇಕಾದ್ದು 3/8 ಇಂಚು. ಲೇತ್‌ನವನು "ಎರಡೂ ಒಂದೇ" ಅಂತ 10 ಎಂಎಂ ಕೊರೆದು ಕೊಟ್ಟ. ಅರ್ಧ ಎಂಎಂ ತಾನೇ ಅಂತ ನಾನೂ ಪಾನಾ ಹಾಕಿ ತಿರುಗಿಸಿದೆ. ಹಿತ್ತಾಳೆ ಅಡಾಪ್ಟರಿನ ಹಲ್ಲು ಪೂರ್ತಿ ತಿಂದು ಹೋಯಿತು. ಅದು 90 ರೂಪಾಯಿ. ಎರಡನೇ ಸಲ ಲೇತ್‌ಗೆ 150. ಒಟ್ಟು 995. ಸಾವಿರಕ್ಕೆ ಐದು ರೂಪಾಯಿ ಕಮ್ಮಿ! ನಾಲ್ಕು ವರ್ಷ ಆಯಿತು, ಆನೆ ಒರಗಿದರೂ ಅಲ್ಲಾಡೋದಿಲ್ಲ.

ಆರು ಸ್ಟ್ಯಾಂಡ್ ಕಳ್ಕೊಂಡವ:
ಬ್ರೇಕ್ ಡಿಸ್ಕ್ ಅಂದರೆ ಎರಕದ ಕಬ್ಬಿಣದ ಬಿಲ್ಲೆ. ಬಡಿದು ನೋಡಿ, ದೇವಸ್ಥಾನದ ಗಂಟೆ. ಕಿಕ್ ಹೊಡೆದಾಗಲೆಲ್ಲ ನಿಮ್ಮ ಓವರ್‌ಹೆಡ್‌ನಲ್ಲಿ "ಕುಂಯ್" ಅನ್ನೋದು ಕೇಳಿಸೋದಿಲ್ವಾ?

ಗುಜರಿ ಪ್ರೇಮಿ, ಹುಬ್ಬಳ್ಳಿ:
ಅಡಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿದ್ದೇನೆ. ಕುಂಯ್ ಇಲ್ಲ, ಗಿಂಯ್ ಇಲ್ಲ. ಕೇಳದೆ ಹೇಳಬೇಡಿ. ಆರು ಸ್ಟ್ಯಾಂಡ್ ಮುರಿದವರ ಸಲಹೆ ಏಳನೆಯದನ್ನು ಮುರಿಯಲಿಕ್ಕೆ ಸಾಕು.

ಚೆಂಡೆ ಕಿವಿ, ಮಂಗಳೂರು:
ಮಾರಾಯ್ರೆ, ನೀವಿಬ್ಬರೂ ಒಣ ಊರಿನವರು. ಇಲ್ಲಿ ಬಂದು ನೋಡಿ. ನಾನು ರೆಕಾರ್ಡ್ ಮಾಡುವುದು ತೆಂಕುತಿಟ್ಟು ಯಕ್ಷಗಾನದ ಚೆಂಡೆ ಮದ್ದಳೆ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು, ಆಟ ಮುಗಿಸಿ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆಯೇ ಕಲಾವಿದರಿಗೆ ಪುರುಸೊತ್ತು. ಅಂದರೆ ನನ್ನ ಸೀಸನ್ ಪೂರ್ತಿ ಮಳೆ. ಉಪ್ಪುಗಾಳಿ ಬೇರೆ. ಕ್ರೋಮ್ ಹಚ್ಚಿದ ಸ್ಟ್ಯಾಂಡ್ ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದಿತು. ಎರಡನೇ ಮಳೆಗಾಲಕ್ಕೆ ಒಳಗಿನ ಪೈಪ್ ಹೊರಗಿನದಕ್ಕೆ ಕಚ್ಚಿಕೊಂಡು ಮೇಲೂ ಇಲ್ಲ, ಕೆಳಗೂ ಇಲ್ಲ.

ಬುದ್ಧಿ ಉಪಯೋಗಿಸಿ ಗ್ರೀಸ್ ಹಚ್ಚಿದೆ. ಅದು ಇಳಿದು ಇಳಿದು ಕ್ಲಚ್ಚಿನ ಒಳಗೆ ಹೋಯಿತು. ಮರುದಿನ ಚೆಂಡೆಯವರು ಉರುಳಿಕೆ ಶುರು ಮಾಡಿದ ಕೂಡಲೇ ಬೂಮ್, ಅಂದರೆ ಸ್ಟ್ಯಾಂಡಿನ ಅಡ್ಡ ತೋಳು, ಜಾರಿ ಭಾಗವತರ ಜಾಗಟೆಗೆ "ಠಣ್". ಅವರು ಪದ ನಿಲ್ಲಿಸಲಿಲ್ಲ, ಕಣ್ಣು ಮಾತ್ರ ನನ್ನ ಕಡೆ ಬಿಟ್ಟರು. ಆ ಕಣ್ಣು ಈಗಲೂ ನೆನಪಿದೆ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದೆ, ವಾಷರ್ ಸರಿಯಾಗಲಿಲ್ಲ, ಬಿಸಾಡಿದೆ. ಈಗ ಕಪ್ಪು ಪೌಡರ್ ಕೋಟಿಂಗ್‌ನದು ಮಾತ್ರ. ಕೆಲಸ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ ಚೀಲಕ್ಕೆ. ಕ್ಲಚ್ಚಿಗೆ ಎಣ್ಣೆ ಮುಟ್ಟಿಸಬೇಡಿ.

ಬಾಡಿಗೆ ಮನೆ, ಬೆಂಗಳೂರು:
ನನಗೆ ನೆಲದ ಸ್ಟ್ಯಾಂಡೇ ಬೇಡ ಅನ್ನಿಸಿತು. ಡ್ರಮ್ಮರ್ ಕುಣಿದರೆ ನೆಲ ಕುಣಿಯುತ್ತದೆ, ಸ್ಟ್ಯಾಂಡ್ ಅದರ ಜೊತೆಗೆ. ಸೀಲಿಂಗ್‌ಗೆ ಎರಡು ಆಂಕರ್ ಬೋಲ್ಟ್ ಹೊಡೆಸಿ, ಪೈಪ್ ಇಳಿಸಿ, ಮೈಕ್ ನೇತುಹಾಕಿದೆ. ಡ್ರಿಲ್ಲಿಂಗ್‌ಗೆ 600, ಪೈಪಿಗೆ 480. ಚೆನ್ನಾಗಿತ್ತು, ಸುಳ್ಳು ಹೇಳೋದಿಲ್ಲ. ಆದರೆ ಮೇಲಿನ ಮನೆಯ ಆಂಟಿ ಬೆಳಗ್ಗೆ ಚಟ್ನಿಗೆ ಮಿಕ್ಸಿ ಹಾಕಿದರೆ ಅದೂ ನೀಟಾಗಿ ಸ್ಟೀರಿಯೊದಲ್ಲಿ ರೆಕಾರ್ಡ್ ಆಗುತ್ತಿತ್ತು. ಮನೆ ಬಿಡುವಾಗ ಓನರ್ ಎರಡು ತೂತಿಗೆ ಅಡ್ವಾನ್ಸ್‌ನಲ್ಲಿ 3,500 ಹಿಡಿದರು. ತೂತಿಗೆ 1,750! ಪುಟ್ಟಿ ತುಂಬಿ ಕೊಡ್ತೀನಿ ಅಂದರೂ ಕೇಳಲಿಲ್ಲ. ಇದು ನ್ಯಾಯವಾ? ಈ ಬಗ್ಗೆ ಗೊತ್ತಿದ್ದವರು ಯಾರಾದರೂ ಹೇಳಿ.

ಪ್ಯಾಡ್ ಪಂಡಿತ:
ಇಷ್ಟೆಲ್ಲ ಒದ್ದಾಟ ಯಾಕೆ? ಎಲೆಕ್ಟ್ರಾನಿಕ್ ಕಿಟ್ ತಗೊಳ್ಳಿ. ಮೈಕೂ ಬೇಡ, ಸ್ಟ್ಯಾಂಡೂ ಬೇಡ, ಅಕ್ಕಪಕ್ಕದವರ ಜಗಳವೂ ಬೇಡ. ನಾನು ಮೂರು ವರ್ಷದಿಂದ ಹಾಯಾಗಿದ್ದೇನೆ.

ಚೆಂಡೆ ಕಿವಿ, ಮಂಗಳೂರು:
ಹಾಯಾಗಿರಿ. ಚೆಂಡೆಗೆ ಎಲೆಕ್ಟ್ರಾನಿಕ್ ಬಂದ ದಿನ ನಾನು ಅಡಿಕೆ ಸುಲಿಯಲಿಕ್ಕೆ ಹೋಗುತ್ತೇನೆ.

ಪ್ಯಾಡ್ ಪಂಡಿತ:
ಕೇಳಿದ್ದು ಡ್ರಮ್ಸ್ ಬಗ್ಗೆ. ಚೆಂಡೆ ತಂದವರು ನೀವು.

ಚೆಂಡೆ ಕಿವಿ, ಮಂಗಳೂರು:
ಚರ್ಮ, ಕೋಲು, ಪೆಟ್ಟು. ಇನ್ನೇನು ಬೇಕು ಡ್ರಮ್ ಅನ್ನಿಸಿಕೊಳ್ಳಲಿಕ್ಕೆ? ಚೆಂಡೆಯ ಒಂದು ಪೆಟ್ಟಿಗೆ ನಿಮ್ಮ ಪ್ಯಾಡ್ ಮಂಡಿಯೂರುತ್ತದೆ.

ಮಹಡಿ ರೂಮು, ಮೈಸೂರು:
ದಯವಿಟ್ಟು ಜಗಳ ಬೇಡ. ನನ್ನ ಪ್ರಶ್ನೆ ನಾಲ್ಕು ಸ್ಟ್ಯಾಂಡ್‌ಗೆ 15,000 ಹೇಗೆ ಹಂಚೋದು ಅಂತ.

ಹಳೇ ಕೇಬಲ್:
ಮೂವತ್ತು ವರ್ಷ ಬೇರೆಯವರ ಸ್ಟುಡಿಯೊಗಳಲ್ಲಿ ಕೇಬಲ್ ಸುತ್ತಿದವನು ನಾನು. ಯಾರೂ ಕಾಲಿನ ಬಗ್ಗೆ ಮಾತೇ ಆಡಲಿಲ್ಲವಲ್ಲ! ಮೂರು ಕಾಲಿನ ಸ್ಟ್ಯಾಂಡ್‌ನಲ್ಲಿ ಒಂದು ಕಾಲು ಬೂಮ್ ಇರುವ ದಿಕ್ಕಿಗೇ ಇರಬೇಕು. ಎರಡು ಕಾಲಿನ ನಡುವೆ ಬೂಮ್ ಚಾಚಿದರೆ ಬೀಳೋದು ಗ್ಯಾರಂಟಿ, ಜರ್ಮನಿಯದಾದರೂ ಅಷ್ಟೇ. ಬೂಮ್ ಒಂದು ಪಕ್ಕಕ್ಕೆ ಇಟ್ಟರೆ ಮೈಕಿನ ಭಾರವೇ ಕ್ಲಚ್ಚನ್ನು ಬಿಗಿ ಮಾಡುತ್ತದೆ, ಇನ್ನೊಂದು ಪಕ್ಕಕ್ಕೆ ಇಟ್ಟರೆ ಅದೇ ಭಾರ ಸಡಿಲ ಮಾಡುತ್ತದೆ. ಕೈಯಲ್ಲಿ ಒತ್ತಿ ನೋಡಿ, ತಾನಾಗೇ ಗೊತ್ತಾಗುತ್ತದೆ. ಇದನ್ನು ಕಲಿಯಲಿಕ್ಕೆ ನನಗೆ ಒಂದು ರಿಬ್ಬನ್ ಮೈಕು ಮತ್ತು ಎರಡು ತಿಂಗಳ ಸಂಬಳ ಖರ್ಚಾಯಿತು. ಓನರ್ ಎರಡು ಕಂತಲ್ಲಿ ಮುರಿದುಕೊಂಡರು.

ಬಿದ್ದರೆ ಮಾತ್ರ ತೊಂದರೆ ಅಂತಲೂ ತಿಳಿಯಬೇಡಿ. ಎರಡೂ ಓವರ್‌ಹೆಡ್‌ಗೆ ಸ್ನೇರ್‌ನಿಂದ ದಾರ ಹಿಡಿದು ಸಮ ದೂರ ಅಳೆಯುತ್ತೀರಲ್ವಾ? ಒಂದು ಮೈಕ್ ಒಂದು ಗೇಣು ಹತ್ತಿರ ಬಂದರೆ ಸದ್ದು ತಲುಪೋದರಲ್ಲಿ ಸುಮಾರು 0.6 ಮಿಲಿಸೆಕೆಂಡ್ ವ್ಯತ್ಯಾಸ. ಸ್ನೇರ್ ಮಧ್ಯದಿಂದ ಆ ಪಕ್ಕಕ್ಕೆ ಸರಿದು ಕೂರುತ್ತದೆ. ಮಿಕ್ಸ್ ಮಾಡುವಾಗ ತಲೆ ಕೆರೆದುಕೊಳ್ಳುತ್ತೀರಿ.

ಗುಜರಿ ಪ್ರೇಮಿ, ಹುಬ್ಬಳ್ಳಿ:
ಅದಕ್ಕೇ ಹೇಳಿದ್ದು. ದುಂಡು ಬುಡಕ್ಕೆ ಕಾಲಿನ ದಿಕ್ಕಿನ ರಗಳೆಯೇ ಇಲ್ಲ.

ಹಳೇ ಕೇಬಲ್:
ದುಂಡು ಬುಡ ಉದ್ದ ಬೂಮಿಗೆ ಆಗೋದಿಲ್ಲ. ಒಂದು ಅಡಿ ಅಗಲದ ಬಿಲ್ಲೆ ಎರಡೂವರೆ ಅಡಿ ಚಾಚಿದ ಬೂಮನ್ನು ತಡೆಯುತ್ತಾ? ಹಿಂದೆ ತೂಕ ಕಟ್ಟಿದ್ದೀರಿ ತಾನೇ?

ಗುಜರಿ ಪ್ರೇಮಿ, ಹುಬ್ಬಳ್ಳಿ:
ಕಟ್ಟಿದ್ದೇನೆ. ಒಂದು ಕೆಜಿ ತಕ್ಕಡಿ ಬಟ್ಟು. ಅಪ್ಪನ ಕಿರಾಣಿ ಅಂಗಡಿಯದು.

ಆರು ಸ್ಟ್ಯಾಂಡ್ ಕಳ್ಕೊಂಡವ:
ಆನೆ ಒರಗಿದರೂ ಅಲ್ಲಾಡೋದಿಲ್ಲ ಅಂದಿರಿ. ಈಗ ತಕ್ಕಡಿ ಬಟ್ಟು ಹೊರಗೆ ಬಂತು. 995ರಲ್ಲಿ ಅದೂ ಸೇರಿತ್ತಾ?

ಗುಜರಿ ಪ್ರೇಮಿ, ಹುಬ್ಬಳ್ಳಿ:
ಅಪ್ಪನ ಸಾಮಾನಿಗೆ ಮಗ ದುಡ್ಡು ಕೊಡಬೇಕಾ? ಏನ್ರೀ ನಿಮ್ಮ ಲೆಕ್ಕ!

ಬಾಡಿಗೆ ಮನೆ, ಬೆಂಗಳೂರು:
ಅಡ್ವಾನ್ಸ್ ವಿಷಯ ಯಾರೂ ಹೇಳಲಿಲ್ಲ.

ಮಹಡಿ ರೂಮು, ಮೈಸೂರು:
ಎಲ್ಲರಿಗೂ ಥ್ಯಾಂಕ್ಸ್. ಓವರ್‌ಹೆಡ್‌ಗೆ ಅಂತ ಎರಡು ಗಟ್ಟಿ ಸ್ಟ್ಯಾಂಡ್ ಆರ್ಡರ್ ಮಾಡಿದೆ, 13,200 ಆಯಿತು. ಅವು ಬರುವ ತನಕ ಹಳೆಯದರಲ್ಲೇ ಒಂದು ಕಾಲನ್ನು ತಿರುಗಿಸಿ ಬೂಮಿನ ಕೆಳಗೆ ತಂದೆ, ಬೂಮ್ ಇನ್ನೊಂದು ಪಕ್ಕಕ್ಕೆ ಹಾಕಿದೆ. ಹರಿದ ಜೀನ್ಸ್ ಕಾಲಿಗೆ ಐದು ಕೆಜಿ ಮರಳು ತುಂಬಿ, ಎರಡೂ ಬದಿ ಹೊಲಿದು ಬುಡದ ಮೇಲೆ ಹೇರಿದೆ. ಇವತ್ತು ಮೂರು ಟೇಕ್ ಆಯಿತು. ಓವರ್‌ಹೆಡ್ ಕದಲಲಿಲ್ಲ. ಸ್ನೇರ್ ಮೈಕ್ ಇಳಿಯಿತು.

ಗುಜರಿ ಪ್ರೇಮಿ, ಹುಬ್ಬಳ್ಳಿ:
ಸ್ಕೂಟರಿನ ಬ್ರೇಕ್ ಡಿಸ್ಕ್ ಒಂದಿದೆ, ಚಿಕ್ಕದು. ಪಾರ್ಸೆಲ್ ಖರ್ಚು ನಿಮ್ಮದು.

ಆರು ಸ್ಟ್ಯಾಂಡ್ ಕಳ್ಕೊಂಡವ:
ಥ್ರೆಡ್ ಎಷ್ಟು ಅಂತ ಮೊದಲು ಕೇಳಿಕೊಳ್ಳಿ.