ಉಬುಂಟು 24.04ಕ್ಕೆ ಏರಿದ ಮೇಲೆ ವೈ-ಫೈ ಮಾಯವಾಗಿದೆ: ಅನುಭವವಿದ್ದವರು ತಿಳಿಸಿ

ಕರಡು ತಿದ್ದುವವಳು:
ನನ್ನದು 2015ರ ಲ್ಯಾಪ್‌ಟಾಪ್, ವೈ-ಫೈ ಚಿಪ್ ಬ್ರಾಡ್‌ಕಾಮ್ ಬಿಸಿಎಂ 43142. ಭಾನುವಾರ ರಾತ್ರಿ ಉಬುಂಟುವನ್ನು (ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ) 22.04 ಆವೃತ್ತಿಯಿಂದ 24.04ಕ್ಕೆ ಏರಿಸಿದೆ. ಮರುಚಾಲನೆಯಾದ ಮೇಲೆ ವೈ-ಫೈ ಅಡಾಪ್ಟರ್ ಇಲ್ಲವೆಂಬ ಸಾಲೊಂದೇ ಕಾಣುತ್ತಿದೆ. ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ‘ಸೆಕ್ಯೂರ್ ಬೂಟ್’ ಮೊದಲಿನಿಂದಲೂ ನಿಷ್ಕ್ರಿಯವಾಗಿಯೇ ಇದೆ. ಲ್ಯಾನ್ ಕಿಂಡಿ ಇದೆಯಾದರೂ ರೌಟರ್ ಇರುವುದು ಕೆಳಗಿನ ಮನೆಯಲ್ಲಿ. ಶುಕ್ರವಾರದೊಳಗೆ 240 ಪುಟಗಳ ಕರಡನ್ನು ಕಳಿಸಬೇಕು. ಇದನ್ನು ಸರಿಪಡಿಸಬಹುದೇ, ಅಥವಾ ಹೊಸ ವೈ-ಫೈ ಕಾರ್ಡ್ ಕೊಳ್ಳುವುದೇ ಲೇಸೇ?

ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು:
ಇದೇ ಚಿಪ್ಪಿನೊಂದಿಗೆ ನಾನು ನಾಲ್ಕು ದಿನ ಹೆಣಗಿದ್ದೇನೆ, ಮತ್ತು ತಪ್ಪು ಚಿಪ್ಪಿನದಲ್ಲ, ನನ್ನ ಅವಸರದ್ದು. ಇದಕ್ಕೆ ಬೇಕಾದ ‘ಡಬ್ಲ್ಯೂಎಲ್’ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಒಳಗೆ ಇಲ್ಲ. ಅದರ 6.30.223.271 ಆವೃತ್ತಿ ಬಂದದ್ದು 2015ರಲ್ಲಿ; ಅಲ್ಲಿಂದೀಚೆಗೆ ಪ್ರತಿ ಹೊಸ ಕರ್ನೆಲ್‌ಗೂ ಅದಕ್ಕೆ ತೇಪೆ ಹಾಕಿ ಬದುಕಿಸಿಕೊಂಡು ಬಂದವರು ಲಿನಕ್ಸ್ ವಿತರಣೆಗಳ ನಿರ್ವಾಹಕರು. 24.04ರ ಜೊತೆಗೆ 6.8ರ ಕರ್ನೆಲ್ ಬಂದಾಗ ಡಿಕೆಎಂಎಸ್ ಎಂಬ ಸಲಕರಣೆ ಆ ಡ್ರೈವರಿನ ಮಾಡ್ಯೂಲನ್ನು (ಕರ್ನೆಲ್‌ಗೆ ಸೇರುವ ತುಣುಕನ್ನು) ಹೊಸದಾಗಿ ಕಟ್ಟಬೇಕು. ಕಟ್ಟುವುದಕ್ಕೆ ಅದೇ ಕರ್ನೆಲ್‌ನ ಹೆಡರ್ ಕಡತಗಳು ಇರಲೇಬೇಕು. ನನ್ನ ಯಂತ್ರದಲ್ಲಿ ಅವು ಇರಲಿಲ್ಲ.

ಮೊದಲ ದಿನ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಇಂಟರ್ನೆಟ್ಟನ್ನೇ ಬಳಸಿದೆ (ಟೆದರಿಂಗ್). ಹೆಡರ್ ಇಳಿಯುವ ಮೊದಲೇ ಬಾಕಿಯಿದ್ದ ಅಪ್‌ಡೇಟ್‌ಗಳೆಲ್ಲ ಸಾಲುಗಟ್ಟಿ ಇಳಿದು, ದಿನದ 1.5 ಜಿಬಿ ಡೇಟಾ ಬೆಳಿಗ್ಗೆ ಹನ್ನೊಂದಕ್ಕೇ ಮುಗಿಯಿತು. 61 ರೂಪಾಯಿಯ ಹೆಚ್ಚುವರಿ ಪ್ಯಾಕ್ ಹಾಕಿಸಿದ ಅರ್ಧ ಗಂಟೆಗೆ ಕರೆಂಟ್ ಹೋಯಿತು, ಅದರ ಹಿಂದೆಯೇ ಟವರ್ ಕೂಡ ಹೋಯಿತು. ಎರಡನೆಯ ದಿನ ಇನ್ನೊಂದು 61 ರೂಪಾಯಿ ತೆತ್ತು ಮಾಡ್ಯೂಲ್ ಕಟ್ಟಿಸಿದರೆ, ಅದಕ್ಕೆ ಸಹಿ ಹಾಕಿದ ಕೀಲಿಯನ್ನು ತಿರಸ್ಕರಿಸಲಾಗಿದೆ ಎಂಬ ಸಂದೇಶ ಬಂದಿತು. ಸೆಕ್ಯೂರ್ ಬೂಟ್ ಸಕ್ರಿಯವಾಗಿದ್ದರೆ ಮರುಚಾಲನೆಯ ವೇಳೆ ನೀಲಿ ಪರದೆಯೊಂದು ಹತ್ತು ಸೆಕೆಂಡು ಮಾತ್ರ ನಿಲ್ಲುತ್ತದೆ. ಅಷ್ಟರಲ್ಲಿ ಒಂದು ಗುಂಡಿ ಒತ್ತಿ, ಮೊದಲೇ ಕೊಟ್ಟಿದ್ದ ಪಾಸ್‌ವರ್ಡ್ ಟೈಪಿಸಿ ಕೀಲಿಯನ್ನು ನೋಂದಾಯಿಸಬೇಕು. ಎರಡು ಸಲವೂ ನಾನು ಆ ಹೊತ್ತಿಗೆ ಅಡುಗೆಮನೆಯಲ್ಲಿದ್ದೆ. ಮೂರನೆಯ ಸಲ ಎದುರಿಗೇ ಕುಳಿತಿದ್ದೆ, ಆದರೆ ಪಾಸ್‌ವರ್ಡ್ ಮರೆತಿತ್ತು. ಮಕ್ಕಳಿಗೆ ಮೂವತ್ತೆರಡು ವರ್ಷ ‘ಬರೆದಿಟ್ಟುಕೊಳ್ಳಿ’ ಎಂದು ಹೇಳಿದವನು ನಾನು. ನಾಲ್ಕನೆಯ ದಿನ ಕೀಲಿ ನೋಂದಣಿಯಾಯಿತು, ವೈ-ಫೈ ಬಂದಿತು. ಒಟ್ಟು ಖರ್ಚು 122 ರೂಪಾಯಿ.

ಹುಬ್ಬಳ್ಳಿಯ ಸ್ಕ್ರೂಡ್ರೈವರ್:
ನಾಲ್ಕು ದಿನದ ದುಡಿಮೆಗೆ ಬೆಲೆಯೇ ಇಲ್ಲವೆಂದು ಲೆಕ್ಕ ಹಾಕಿದರೆ 122 ರೂಪಾಯಿ ಅಗ್ಗವೇ ಸರಿ. ಮುಂದಿನ ಕರ್ನೆಲ್ ಬಂದಾಗ ಆ ಮಾಡ್ಯೂಲನ್ನು ಮತ್ತೆ ಕಟ್ಟಬೇಕಾಗುತ್ತದೆ. ಕಾರ್ಡನ್ನೇ ಬದಲಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ, ನಾನು ಹಣ ಕಳೆದುಕೊಂಡು ಕಲಿತದ್ದು.

ನನ್ನದು ಎಎಂಡಿ ಪ್ರೊಸೆಸರ್ ಇರುವ ಯಂತ್ರ. ಅಪ್‌ಗ್ರೇಡ್ ಆದ ಮೇಲೆ ವೈ-ಫೈ ಗಂಟೆಗೊಮ್ಮೆ ಕಡಿದುಹೋಗುತ್ತಿತ್ತು. 1,450 ರೂಪಾಯಿ ಕೊಟ್ಟು ಇಂಟೆಲ್ ಎಎಕ್ಸ್ 201 ಎಂಬ ವೈ-ಫೈ ಕಾರ್ಡ್ ತರಿಸಿದೆ. ಅದು ಕಿಂಡಿಯಲ್ಲಿ ಸರಿಯಾಗಿ ಕೂತಿತು, ಆದರೆ ಜೀವ ಬರಲಿಲ್ಲ. ಆ ಕಾರ್ಡ್ ಸ್ವತಂತ್ರವಾದದ್ದಲ್ಲ. ಕೆಲಸದ ಒಂದು ಪಾಲು ಇಂಟೆಲ್‌ನದೇ ಚಿಪ್‌ಸೆಟ್ಟಿನೊಳಗೆ ನಡೆಯುತ್ತದೆ, ಆದ್ದರಿಂದ ಎಎಂಡಿ ಯಂತ್ರದಲ್ಲಿ ಅದು ಬರಿಯ ಹಸಿರು ಬಿಲ್ಲೆ. ಕೊಳ್ಳುವ ಮುನ್ನ ಓದಬೇಕಾದದ್ದನ್ನು ಕೊಂಡ ಮೇಲೆ ಓದಿದೆ. ಪೊಟ್ಟಣ ಒಡೆದಿದ್ದರಿಂದ ಮಾರಾಟಗಾರ ಹಿಂದಕ್ಕೆ ಪಡೆಯಲಿಲ್ಲ. ಬಳಿಕ 2,150 ರೂಪಾಯಿಗೆ ಎಎಕ್ಸ್ 210 ತರಿಸಿದೆ. ಆಂಟೆನಾ ತಂತಿಯ ತುದಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಉಗುರಿನಿಂದ ಒತ್ತಿದಾಗ ಒಂದು ಮುರಿಯಿತು, ಅದನ್ನು ಬದಲಿಸಲು 850 ರೂಪಾಯಿ ಹೋಯಿತು. ಒಟ್ಟು 4,450. ಆದರೆ ಅಂದಿನಿಂದ ಎರಡು ಅಪ್‌ಗ್ರೇಡ್ ಆದವು, ವೈ-ಫೈ ಒಮ್ಮೆಯೂ ಕೈಕೊಟ್ಟಿಲ್ಲ.

ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು:
4,450 ರೂಪಾಯಿ ಕಳೆದುಕೊಂಡವರು 122 ರೂಪಾಯಿ ಖರ್ಚು ಮಾಡಿದವನಿಗೆ ಲೆಕ್ಕ ಕಲಿಸುವುದು ಸೋಜಿಗ. 2015ರ ಯಂತ್ರದಲ್ಲಿ ಇರುವುದು ಹಳೆಯ ಹಾಫ್ ಮಿನಿ ಪಿಸಿಐಇ ಕಿಂಡಿಯೋ ಎಂ.2 ಕಿಂಡಿಯೋ ಎಂದು ಕೇಳದೆಯೇ ಕಾರ್ಡ್ ಬದಲಿಸಿ ಎನ್ನುತ್ತೀರಿ. ಕಿಂಡಿ ಬೇರೆಯಾದರೆ ಆಂಟೆನಾ ತುದಿಯೂ ಬೇರೆ. ಇನ್ನು ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯೋಸ್ (ಯಂತ್ರವನ್ನು ಚಾಲೂ ಮಾಡುವ ಒಳ ತಂತ್ರಾಂಶ), ತಯಾರಕರ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಕಂಡರೆ ಮುಂದಕ್ಕೆ ಹೋಗುವುದೇ ಇಲ್ಲ.

ಕಿಟಕಿ ಬಿಡದವನು:
ವಿಂಡೋಸ್‌ನಲ್ಲಿ ಈ ರಾಮಾಯಣ ಇರುವುದಿಲ್ಲ ಎಂದು ಬರೆಯುವ ಆಸೆಯಿತ್ತು, ಆದರೆ ಬರೆಯಲಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತೆಂದು 11ಕ್ಕೆ ಏರಿದೆ. ಅಂದಿನಿಂದ ಯಂತ್ರ ನಿದ್ದೆಗೆ ಹೋಗಿ ಎದ್ದಾಗಲೆಲ್ಲ ವೈ-ಫೈ ಇರುತ್ತಿರಲಿಲ್ಲ. ಯಾರದೋ ಮಾತು ಕೇಳಿ ನೆಟ್‌ವರ್ಕ್ ರೀಸೆಟ್ ಒತ್ತಿದೆ. ಉಳಿಸಿಟ್ಟಿದ್ದ ಹದಿನಾಲ್ಕು ಪಾಸ್‌ವರ್ಡ್‌ಗಳೂ ಕಚೇರಿಯ ವಿಪಿಎನ್ ಜೋಡಣೆಯೂ ಅದರೊಂದಿಗೆ ಹೋದವು, ದೋಷ ಮಾತ್ರ ಹೋಗಲಿಲ್ಲ. ಅಂಗಡಿಯವನೊಬ್ಬ 1,800 ರೂಪಾಯಿ ಪಡೆದು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಟ್ಟ. ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶವೂ ಹೋಯಿತು, ಅಚ್ಚುಕಟ್ಟಾಗಿ ಜೋಡಿಸಿಕೊಂಡಿದ್ದ ಫಾಂಟ್‌ಗಳೂ ಹೋದವು, ದೋಷ ಮತ್ತೆ ಹಾಗೆಯೇ ಇತ್ತು. ಕಡೆಗೆ ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬಲ್ಲಿದ್ದ ಟಿಕ್ ತೆಗೆದೆ. ಅಷ್ಟೇ. ಅರ್ಧ ನಿಮಿಷದ ಕೆಲಸ. ಉಬುಂಟುವಿನಲ್ಲೂ ನೆಟ್‌ವರ್ಕ್ ಮ್ಯಾನೇಜರ್‌ನ ಕಡತದಲ್ಲಿ ವೈ-ಫೈ ಪವರ್‌ಸೇವ್ ಎದುರಿಗೆ 3 ಇರುವಲ್ಲಿ 2 ಎಂದು ಬರೆದರೆ ಇದೇ ಫಲ ಸಿಗುತ್ತದೆ ಎಂದು ತಮ್ಮ ಹೇಳುತ್ತಾನೆ.

ಹುಬ್ಬಳ್ಳಿಯ ಸ್ಕ್ರೂಡ್ರೈವರ್:
ತಮ್ಮನ ಮಾತು ಸರಿಯೇ, ಆದರೆ ಕೇಳಿದವರಿಗೆ ಅಡಾಪ್ಟರೇ ಕಾಣುತ್ತಿಲ್ಲ. ಇಲ್ಲದ ದನಕ್ಕೆ ಹಗ್ಗ ಹೊಸೆಯುವುದೇಕೆ?

ಕಿಟಕಿ ಬಿಡದವನು:
ನೀವು ಎಎಂಡಿ ಯಂತ್ರಕ್ಕೆ 201 ಕೊಂಡದ್ದೂ ಅದೇ ಜಾತಿಯ ಕೆಲಸ. ಅನುಭವ ಕೇಳಿದ್ದಾರೆ, ಹೇಳಿದ್ದೇನೆ.

ಮ್ಯೂನಿಕ್‌ನಿಂದ:
ಇಬ್ಬರೂ ಶಾಂತರಾಗಿ. ನನ್ನ ಸಂಗತಿ ಬೇರೆಯದೇ. ಅಪ್‌ಗ್ರೇಡ್ ಆದ ಮೇಲೆ ನೆರೆಯವರ ಜಾಲಗಳೆಲ್ಲ ಕಾಣುತ್ತಿದ್ದವು, ನಮ್ಮ ಮನೆಯದು ಮಾತ್ರ ಇಲ್ಲ. ಮೂರು ದಿನ ರೌಟರನ್ನು ಬೈದೆ, 35 ಯೂರೋ ಕೊಟ್ಟು ಯುಎಸ್‌ಬಿ ಅಡಾಪ್ಟರ್ ಕೊಂಡೆ. ರೌಟರ್ 13ನೆಯ ಚಾನೆಲ್‌ನಲ್ಲಿತ್ತು; ಜರ್ಮನಿಯಲ್ಲಿಯೂ ಭಾರತದಲ್ಲಿಯೂ ಅದಕ್ಕೆ ಅನುಮತಿ ಇದೆ, ಆದರೆ ನನ್ನ ಯಂತ್ರದ ದೇಶಸಂಕೇತ (ಯಾವ ದೇಶದ ರೇಡಿಯೋ ನಿಯಮ ಪಾಲಿಸಬೇಕೆಂಬ ಗುರುತು) ಹೇಗೋ ಅಮೆರಿಕದ್ದಾಗಿ, 11ರ ಆಚೆಗೆ ಅದು ನೋಡುತ್ತಲೇ ಇರಲಿಲ್ಲ. ರೌಟರನ್ನು 6ಕ್ಕೆ ಇಳಿಸಿದೆ. 35 ಯೂರೋದ ಅಡಾಪ್ಟರ್ ಡ್ರಾಯರ್‌ನಲ್ಲಿದೆ.

ಕರಡು ತಿದ್ದುವವಳು:
ಎಲ್ಲರಿಗೂ ವಂದನೆಗಳು. ಸೆಕ್ಯೂರ್ ಬೂಟ್ ನಿಷ್ಕ್ರಿಯವೆಂದು ಮೊದಲೇ ಬರೆದಿದ್ದೆನಾದ್ದರಿಂದ ನೀಲಿ ಪರದೆಯ ಭಾಗವನ್ನು ಬಿಟ್ಟು, ಮೇಷ್ಟ್ರು ಹೇಳಿದ ಹೆಡರ್ ಕಡತಗಳನ್ನು ಮೊಬೈಲ್ ಮೂಲಕ ಇಳಿಸಿ ಮಾಡ್ಯೂಲ್ ಮರುಕಟ್ಟಿಸಿದೆ. ವೈ-ಫೈ ಬಂದಿದೆ, ಕರಡಿನ ಮೊದಲ ಕಂತು ಹೋಗಿದೆ. ಆದರೆ ಕೆಳಗಿನ ಮನೆಯವರು ಕಳೆದ ವಾರ ಹಾಕಿಸಿದ ಹೊಸ ರೌಟರ್‌ನ 5 ಗಿಗಾಹರ್ಟ್ಸ್ ಜಾಲ ನನಗೆ ಕಾಣುತ್ತಿಲ್ಲ. ಇದೂ ಅಪ್‌ಗ್ರೇಡ್‌ನಿಂದಲೇ ಆದದ್ದೇ?

ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು:
ಅಲ್ಲ. ಬಿಸಿಎಂ 43142ಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. 22.04ರಲ್ಲಿಯೂ ಅದು ಕಾಣುತ್ತಿರಲಿಲ್ಲ.

ಹುಬ್ಬಳ್ಳಿಯ ಸ್ಕ್ರೂಡ್ರೈವರ್:
ಅದಕ್ಕೇ ಕಾರ್ಡ್ ಬದಲಿಸಿ ಎಂದೆ.

ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು:
ಕಿಂಡಿ ಯಾವುದೆಂದು ಈಗಲಾದರೂ ಕೇಳಿದಿರಾ?