ಮಂಡ್ಯದಿಂದ ಕಲಬುರಗಿಗೆ ಬೈಕಲ್ಲಿ, ಹೋಗ್ಬಂದವ್ರು ಹೇಳ್ರಪ್ಪ

ಕೇಳಿದ್ದು: ಸಕ್ಕರೆನಾಡ್ ಹೈದ

ಅಣ್ಣಂದಿರೇ ಅಕ್ಕಂದಿರೇ, ಜನವರಿ ಕೊನೇಲಿ ಕಲಬುರಗೀಲಿ ನಮ್ ರೂಮ್‌ಮೇಟ್ ಮದ್ವೆ. ಬಸವ ಎಕ್ಸ್‌ಪ್ರೆಸ್ ರೈಲು ಇದೆ ಅಂತ ಗೊತ್ತು, ಆದ್ರೆ ನಂಗೆ ಬೈಕಲ್ಲೇ ಹೋಗ್ಬೇಕು ಅಂತ ಆಸೆ. ಇರೋದು 125 ಸಿಸಿ ಗಾಡಿ, ಊಟಿ ಬಿಟ್ರೆ ದೂರ ಎಲ್ಲೂ ಹೋಗಿಲ್ಲ. ಅವ್ವ ಬ್ಯಾಡ ಅಂತದೆ, ಫ್ರೆಂಡ್ಸು ಈ ಗಾಡೀಲಿ ಏನ್ ಲಾಂಗ್ ರೈಡ್ಲಾ, ಮೊದ್ಲು ದೊಡ್ಡದ್ ತಗ ಅಂತ ನಗ್ತಾವ್ರೆ. ಯಾವ್ ರೋಡು, ಮೈಕೈ ನೋವು ಹೆಂಗೆ, ನಿಜವಾಗ್ಲೂ ಖುಷಿ ಅದ್ಯಾ ಇಲ್ಲ ಬರೀ ಫೋಟೋಗಾ?

ನೂರೈವತ್ತು ಎ

ಗುರು, ನಿಂಗೆ ರೋಡ್ ಹುಡ್ಕೋ ಕೆಲ್ಸನೇ ಇಲ್ಲ. ಚಾಮರಾಜನಗರದಿಂದ ಜೇವರ್ಗಿ ತಂಕ ಒಂದೇ ಹೈವೇ, 150ಎ, ನಂಜನಗೂಡು ಮೈಸೂರು ಶ್ರೀರಂಗಪಟ್ಟಣ ಪಾಂಡವಪುರ ನಾಗಮಂಗಲ ಅಂತ ನಮ್ ಮನೆ ಬಾಗ್ಲಲ್ಲೇ ಹೋಯ್ತದೆ. ನೀನು ನಾಗಮಂಗಲಕ್ಕೆ ಬಂದು ಹಿಡ್ಕೊ, ಚಿಕ್ಕನಾಯಕನಹಳ್ಳಿ ಹುಳಿಯಾರು ಹಿರಿಯೂರು ಚಳ್ಳಕೆರೆ ಬಳ್ಳಾರಿ, ಅಲ್ಲಿ ರಾತ್ರಿ ಮಲ್ಕೊ. ಬೆಳಿಗ್ಗೆ ಸಿರುಗುಪ್ಪ ಸಿಂಧನೂರು ಲಿಂಗಸೂಗೂರು ಸುರಪುರ ಶಹಾಪುರ ಜೇವರ್ಗಿ, ಆಮೇಲೆ ಕಲಬುರಗಿ. ಒಟ್ಟು ಆರುನೂರು ಕಿಲೋಮೀಟ್ರು ಮೇಲಾಯ್ತದೆ. ಬೆಂಗಳೂರ್ ಕಡೆಯಿಂದ ಹೋಗ್ತೀನಿ ಅನ್ಬೇಡ, 2023ರ ಆಗಸ್ಟಿಂದ ನಮ್ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡಲ್ಲ, ಸರ್ವಿಸ್ ರೋಡಲ್ಲಿ ಹಂಪ್ ಎಣಿಸ್ಕೊಂಡ್ ಹೋಗೋದೊಂದೇ.

ಖುಷಿ ಅದ್ಯಾ ಅಂದ್ಯಲ್ಲ. ಟ್ರೈನಲ್ಲಿ ಮಂಡ್ಯದಲ್ಲಿ ಮಲಗಿ ಆ ಕಡೆ ಎದ್ರೆ ಊರು ಬದಲಾಗಿದ್ದು ಗೊತ್ತಾಗುತ್ತೆ, ಬದಲಾಗ್ತಿರೋದು ಗೊತ್ತಾಗಲ್ಲ. ಬೈಕಲ್ಲಿ ಮೊದ್ಲು ಮೂಗಿಗೆ ಗೊತ್ತಾಗೋದು. ಇಲ್ಲಿ ಆಲೆಮನೆ ಬೆಲ್ಲದ ವಾಸನೆ, ಚಿಕ್ಕನಾಯಕನಹಳ್ಳಿ ಹತ್ರ ತೆಂಗಿನ ತೋಟದ ತಣ್ಣನೆ ಗಾಳಿ, ಚಳ್ಳಕೆರೇಲಿ ಕಡ್ಲೆಕಾಯಿ ಎಣ್ಣೆ ಮಿಲ್ಲು, ಬಳ್ಳಾರಿ ದಾಟಿದ್ಮೇಲೆ ಒಣಮೆಣಸಿನಕಾಯಿ ಘಾಟು ಹೆಲ್ಮೆಟ್ ಒಳಗೇ ಬರುತ್ತೆ, ಸೀನ್ಕೊಂಡ್ ಓಡಿಸ್ಬೇಕು. ಮಣ್ಣು ಕೆಂಪಿಂದ ಕಪ್ಪಾಗುತ್ತೆ, ಮುದ್ದೆ ಹೋಗಿ ರೊಟ್ಟಿ ಬರುತ್ತೆ, ಬಳ್ಳಾರೀಲಿ ಬೆಳಿಗ್ಗೆ ಒಗ್ಗಾಣಿ ಮಿರ್ಚಿ ತಿಂದ್ರೆ ಮಧ್ಯಾಹ್ನದವರ್ಗೂ ಹಸಿವೇ ಇಲ್ಲ.

ನಂಗೆ ಇಷ್ಟ ನದಿಗಳು. ಕಾವೇರಿ ಸೀಮೆ ಬಿಟ್ಟು ಹೊರಟ್ರೆ ಹಿರಿಯೂರಲ್ಲಿ ವೇದಾವತಿ, ಸಿರುಗುಪ್ಪ ಆದ್ಮೇಲೆ ತುಂಗಭದ್ರೆ, ತಿಂಥಣಿ ಹತ್ರ ಕೃಷ್ಣೆ, ಜೇವರ್ಗಿ ದಾಟಿದ್ರೆ ಭೀಮೆ. ಒಂದೊಂದ್ ಸೇತುವೆ ಮೇಲೂ ಗಾಡಿ ನಿಧಾನ ಮಾಡು. ಹಿರಿಯೂರಲ್ಲಿ ಟೈಮ್ ಇದ್ರೆ ಮಾರಿಕಣಿವೆ ನೋಡ್ಕೊ, 1907ರಲ್ಲಿ ಮುಗಿಸಿದ ಡ್ಯಾಮು, ನಮ್ ಕನ್ನಂಬಾಡಿಗಿಂತ ಹಿರೀದು. 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಬಿದ್ದಿದ್ದು 2022ಕ್ಕೇನೆ. ಶಹಾಪುರದ ಗುಡ್ಡ ಮಲಗಿದ ಬುದ್ಧನ ಥರ ಕಾಣುತ್ತೆ, ಅದನ್ನೂ ಬಿಡಬೇಡ.

ಯೆಜ್ಡಿ ತಾತ, ಯಾದವಗಿರಿ

ದೊಡ್ಡ ಗಾಡಿ ಬೇಕು ಅಂದೋರಿಗೆ ನನ್ ಕಡೆಯಿಂದ ನಮಸ್ಕಾರ ಹೇಳಪ್ಪ. ಮೈಸೂರಲ್ಲಿ ನಮ್ಮನೆ ಹತ್ರಾನೇ 1961ರಿಂದ 1996ರವರೆಗೆ ಇದ್ದ ಫ್ಯಾಕ್ಟರಿ ಗಾಡಿಗಳು, ಮೊದ್ಲು ಜಾವಾ ಆಮೇಲೆ ಯೆಜ್ಡಿ, 250 ಸಿಸಿ ಟೂ ಸ್ಟ್ರೋಕು, ಕಿಕ್ಕರ್ ಲಿವರ್ರೇ ಗೇರ್ ಲಿವರ್ರು, ಪೆಟ್ರೋಲ್ ಜೊತೆ ಆಯಿಲ್ ಬೆರೆಸಿ ಹಾಕ್ಬೇಕು, ಅದ್ರಲ್ಲೇ ಹೆಂಡ್ತಿ ಮಗು ಟ್ರಂಕು ಎಲ್ಲಾ ಹೇರ್ಕೊಂಡು ದೇಶ ಸುತ್ತಿದೋರು ಈ ಊರಲ್ಲಿ ಬೇಕಾದಷ್ಟ್ ಜನ ಇದ್ದಾರೆ. ನಿನ್ 125 ಗಾಡಿ 50-60ರಲ್ಲಿ ದಿನವಿಡೀ ಓಡುತ್ತೆ, 80ರಲ್ಲಿ ಓಡಿಸಿದ್ರೆ ಅದೂ ಒದ್ದಾಡುತ್ತೆ ನೀನೂ ಒದ್ದಾಡ್ತೀಯ. ಸ್ಪೀಡ್ ಕಮ್ಮಿ ಇದ್ರೇ ನೋಡೋಕೆ ಪುರುಸೊತ್ತು. ಎರಡು ದಿನ ಅಂತ ಮೇಲಿನೋರು ಹೇಳಿದ್ರಲ್ಲ, ನನ್ ಕೇಳಿದ್ರೆ ಮೂರು ಮಾಡು, ಹಿರಿಯೂರಲ್ಲೊಂದ್ ರಾತ್ರಿ ಸಿಂಧನೂರಲ್ಲೊಂದ್ ರಾತ್ರಿ.

ಮೆಕಾನಿಕ್, ಗುತ್ತಲು ರೋಡ್

ನಾನು ನೋಡೋ ಹಂಗೆ ಲಾಂಗ್ ಹೋಗೋರು ಜಾಕೆಟ್ಟು ಸ್ಟಿಕ್ಕರ್ಗೆ ದುಡ್ ಹಾಕ್ತಾರೆ, ಚೈನ್ ಕಡೆ ನೋಡದೇ ಇಲ್ಲ. ಹೊರಡೋಕ್ ಒಂದ್ ವಾರ ಮುಂಚೆನೇ ಸರ್ವೀಸ್ ಮಾಡ್ಸು, ಹಿಂದಿನ್ ದಿನ ಅಲ್ಲ, ಏನಾರ ಸಡ್ಲ ಬಿಟ್ಟಿದ್ರೆ ಲೋಕಲ್ ಓಡಿಸುವಾಗ್ಲೇ ಗೊತ್ತಾಯ್ತದೆ. ಚೈನ್ ಮಧ್ಯದಲ್ಲಿ ಎರಡು ಎರಡೂವರೆ ಸೆಂಟಿಮೀಟ್ರು ಆಡ್ಬೇಕು, ನಿನ್ ಗಾಡಿ ಬುಕ್ಕಲ್ಲೂ ನೋಡ್ಕೊ, ಜಾಸ್ತಿ ಟೈಟ್ ಮಾಡಿದ್ರೆ ಬೇರಿಂಗ್ ಹೋಯ್ತದೆ. ಬಳ್ಳಾರೀಲಿ ಇಳಿದ್ಮೇಲೆ ಒಂದ್ಸಲ ಚೈನ್ ಲ್ಯೂಬ್ ಹೊಡಿ. ಜೊತೆಗೆ ಕ್ಲಚ್ ಕೇಬಲ್ಲು, ಆಕ್ಸಿಲೇಟರ್ ಕೇಬಲ್ಲು, ಒಂದು ಪ್ಲಗ್ಗು, ಸ್ಪೋಕ್ ವೀಲ್ ಆದ್ರೆ ಒಂದು ಟ್ಯೂಬು. ಟಯರ್ ಗಾಳಿ ಬೆಳಿಗ್ಗೆ ತಣ್ಣಗಿರೋವಾಗ್ಲೇ ಹಿಡಿಸು. ಲಗೇಜು ಬೆನ್ನಿಗೆ ಹಾಕ್ಕಬ್ಯಾಡ, ಸೀಟಿಗೆ ಕಟ್ಟು, ಅರ್ಧ ನೋವು ಅದ್ರಲ್ಲೇ ಹೋಯ್ತದೆ.

ಗೇರ್ ಗಾಡಿ ಅಕ್ಕ, ನಂಜನಗೂಡು

ನೋವಿನ ಬಗ್ಗೆ ನಾನ್ ಹೇಳ್ತೀನಿ. ಮೊದ್ಲು ಹಿಂಭಾಗ, ಆಮೇಲೆ ಬೆರಳು ಜೋಮು. ಹ್ಯಾಂಡಲ್ ಗಟ್ಟಿಯಾಗಿ ಹಿಡಿಯೋದು ಬಿಟ್ರೆ ಬೆರಳು ಸರಿಹೋಗುತ್ತೆ. ಹಿಂಭಾಗಕ್ಕೆ ಒಂದೂವರೆ ಗಂಟೆಗೊಂದ್ಸಲ ಇಳಿದು ನಡೆಯೋದೊಂದೇ ಔಷಧಿ, ಸುಸ್ತಾದ್ಮೇಲೆ ಇಳಿಯೋದಲ್ಲ, ಸುಸ್ತಾಗೋಕ್ ಮುಂಚೆ. ದಪ್ಪ ಹೊಲಿಗೆ ಇರೋ ಜೀನ್ಸ್ ಬೇಡ. ನೀರು ಗುಟುಕು ಗುಟುಕಾಗಿ ಕುಡೀತಾ ಇರು. ಹೆಣ್ಮಕ್ಕಳು ಟಾಯ್ಲೆಟ್ ಇಲ್ಲ ಅಂತ ನೀರೇ ಕುಡಿಯಲ್ಲ, ತಲೆನೋವು ಬರೋದು ಅದಕ್ಕೇ. ನಾನಂತೂ ದೊಡ್ಡ ಬಂಕ್ ಕಂಡಲ್ಲೆಲ್ಲಾ ನಿಲ್ಲಿಸ್ತೀನಿ, ಪೆಟ್ರೋಲ್ ಬೇಕೋ ಬೇಡ್ವೋ.

ಇನ್ನೊಂದ್ ವಿಷ್ಯ ಯಾರೂ ಹೇಳ್ಲಿಲ್ಲ. ಜನವರೀಲಿ ನಮ್ ಕಡೆ ರಸ್ತೆ ಮೇಲೇ ಒಕ್ಕಣೆ. ಹುರುಳಿ ರಾಗಿ ಹಾಸಿರ್ತಾರೆ, ಬೈಕ್ ಜಾರುತ್ತೆ. ದೂರದಿಂದ ಕಂಡ ತಕ್ಷಣ ಆಕ್ಸಿಲೇಟರ್ ಬಿಡು, ಅದ್ರ ಮೇಲೆ ಹೋಗುವಾಗ ಬ್ರೇಕ್ ಮುಟ್ಟಬೇಡ, ಹ್ಯಾಂಡಲ್ ನೆಟ್ಟಗಿರಲಿ. ಅದೇ ಟೈಮಿಗೆ ಕಬ್ಬಿನ ಟ್ರ್ಯಾಕ್ಟರು ಬೇರೆ, ಹಿಂದೆ ಲೈಟಿಲ್ಲ ರಿಫ್ಲೆಕ್ಟರಿಲ್ಲ, ಕತ್ತಲಲ್ಲಿ ಕಬ್ಬು ಎದೆಗೆ ಬರೋವರೆಗೂ ಕಾಣಲ್ಲ. ಹಾಗಾಗಿ ಬೆಳಕು ಹರಿದ್ಮೇಲೆ ಹೊರಡು, ಸಂಜೆ ಆರಕ್ಕೆ ರೂಮಲ್ಲಿರು. ಅಮ್ಮಂಗೆ ಇದನ್ನೇ ಹೇಳು, ರಾತ್ರಿ ಓಡಿಸಲ್ಲ ಅಂತ. ನಮ್ಮತ್ತೆ ಒಪ್ಪಿದ್ದೂ ಹಂಗೇ, ಈಗ ಅವರೇ ಎಲ್ಲಿಗ್ ಹೋಗ್ತಿಲ್ವಾ ಅಂತ ಕೇಳ್ತಾರೆ.

ಸಕ್ಕರೆನಾಡ್ ಹೈದ

ಥ್ಯಾಂಕ್ಸ್ ಎಲ್ರಿಗೂ, ಅವ್ವಂಗೆ ಅಕ್ಕನ ಮಾತು ಓದಿ ಹೇಳ್ದೆ, ಅರ್ಧ ಒಪ್ಪದೆ. ಈಗಿರೋ ಪ್ರಾಬ್ಲಮ್ಮು ರಜ. ಮೂರ್ ದಿನ ಹೋಗಿ ಮೂರ್ ದಿನ ಬರೋಷ್ಟು ಕೊಡಲ್ಲ ನಮ್ ಮ್ಯಾನೇಜರ್ರು.

ನೂರೈವತ್ತು ಎ

ಬರೋವಾಗ ಗಾಡಿ ರೈಲ್ವೆ ಪಾರ್ಸೆಲ್ಗೆ ಹಾಕ್ಬುಡು. ಟ್ಯಾಂಕ್ ಪೂರ್ತಿ ಖಾಲಿ ಮಾಡಿರ್ಬೇಕು, ಆರ್‌ಸಿ, ಐಡಿ ಜೆರಾಕ್ಸ್ ಬೇಕು, ಪ್ಯಾಕಿಂಗ್ ಅಲ್ಲೇ ಸ್ಟೇಷನ್ ಹತ್ರ ಮಾಡ್ತಾರೆ.

ಯೆಜ್ಡಿ ತಾತ, ಯಾದವಗಿರಿ

ಉಲ್ಟಾ ಮಾಡಪ್ಪ. ಹೋಗೋವಾಗ ಗಾಡಿ ಪಾರ್ಸೆಲ್ಗೆ ಹಾಕು, ಎರಡ್ಮೂರ್ ದಿನ ಮುಂಚೆನೇ ಕೊಟ್ಬಿಡು, ನೀನು ಟ್ರೈನಲ್ಲಿ ಹೋಗು. ಮುಹೂರ್ತಕ್ಕೆ ಲೇಟಾಯ್ತು ಅಂತ ಗಾಡಿ ಕುಕ್ಕೋದು ತಪ್ಪುತ್ತೆ, ಮದ್ವೇಲಿ ಸುಣ್ಣದ ಗೋಡೆ ಥರ ಧೂಳ್ ಮುಖ ಹೊತ್ಕೊಂಡು ನಿಲ್ಲೋದೂ ತಪ್ಪುತ್ತೆ. ಊಟ ಮುಗಿಸಿ ಒಂದ್ ಕಟ್ಟು ಖಡಕ್ ರೊಟ್ಟಿ ಶೇಂಗಾ ಚಟ್ನಿ ಕಟ್ಟಿಸ್ಕೊಂಡು ವಾಪಸ್ ಓಡಿಸ್ಕೊಂಡ್ ಬಾ. ಮ್ಯಾನೇಜರ್ ಬಿಟ್ರೆ ನಿಂಗೋಸ್ಕರ ಯಾರೂ ಕಾಯ್ತಿರಲ್ಲ.