ಬೋರ್ ನೀರಲ್ಲಿ ಪೆಟ್ರೋಲ್ ವಾಸನೆ, ಹಿಂದಿನ ರಸ್ತೆಯಲ್ಲಿ ಬಂಕ್. ಯಾರಿಗೆ ದೂರು ಕೊಡಬೇಕು?

ಸಂಪ್_ಸಂಕಟ:
ಬೆಂಗಳೂರಿನ ಹಳೇ ಏರಿಯಾ, ಮೂರು ಮಹಡಿ ಬಿಲ್ಡಿಂಗ್, ನಾವು ಬಾಡಿಗೆಗೆ ಇದ್ದೇವೆ. ಎರಡು ವಾರದಿಂದ ಬೋರ್ ನೀರಿಗೆ ಏನೋ ವಾಸನೆ. ಪ್ಲಂಬರ್ ಹೊಸ ಪೈಪಿಗೆ ಹಾಕಿದ ಅಂಟಿನದು ಇರಬೇಕು ಅಂದುಕೊಂಡಿದ್ದೆವು. ನಿನ್ನೆ ಸಂಪ್ ಮುಚ್ಚಳ ತೆಗೆದರೆ ಪೆಟ್ರೋಲ್ ಘಾಟು ಮೂಗಿಗೆ ಹೊಡೆಯಿತು, ನೀರಿನ ಮೇಲೆ ಬಣ್ಣಬಣ್ಣದ ಪೊರೆ. ಬಂಕಿಗೆ ಹೋಗಿ ಕೇಳಿದರೆ ಮ್ಯಾನೇಜರ್ "ನಿಮ್ಮ ಜನರೇಟರ್ ಡೀಸೆಲ್ ಇರಬೇಕು ನೋಡಿ" ಅಂದರು. ನಮ್ಮಲ್ಲಿ ಜನರೇಟರೇ ಇಲ್ಲ! ಕಾವೇರಿ ನೀರೂ ಅದೇ ಸಂಪಿಗೆ ಬೀಳುತ್ತದೆ. ಕುದಿಸಿ ಬಳಸಬಹುದಾ?

ಲ್ಯಾಬ್_ಅಕ್ಕ:
ಕುದಿಸಲೇಬೇಡಿ. ಆವಿ ಅಡುಗೆಮನೆ ತುಂಬಿಕೊಳ್ಳುತ್ತದೆ, ಪಕ್ಕದಲ್ಲೇ ಸ್ಟವ್ ಉರಿಯುತ್ತಿರುತ್ತದೆ. ಬಿಸಿನೀರಿನ ಸ್ನಾನವೂ ಬೇಡ. ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತದೆ, ಅದು ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯ ಆರ್‌ಓ ನಂಬಿಕೊಂಡು ಕೂರಬೇಡಿ. ಸ್ಯಾಂಪಲ್‌ಗೆ ಪ್ಲಾಸ್ಟಿಕ್ ಬಾಟಲಿ ಬೇಡ, ಲ್ಯಾಬಿನವರ ಹತ್ತಿರವೇ ಗಾಜಿನ ಬಾಟಲಿ ಕೇಳಿ, ಒಳಗೆ ಗಾಳಿ ಉಳಿಯದ ಹಾಗೆ ಅಂಚಿನವರೆಗೆ ತುಂಬಿ, ಐಸ್‌ನಲ್ಲಿಟ್ಟು ಅವತ್ತೇ ಕೊಡಿ.

ಹಳೇ_ಬಂಕ್_ಹುಡುಗ:
ಅಕ್ಕ ಹೇಳಿದ್ದು ಸರಿ, ಆದರೆ ಅದಕ್ಕೂ ಮೊದಲು ಬೆಂಕಿಯ ಯೋಚನೆ ಮಾಡಿ ಗುರು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮೇಲೆ ಹೋಗುವುದಿಲ್ಲ, ಸಂಪು ಬೇಸ್‌ಮೆಂಟಿನಂಥ ತಗ್ಗಿನಲ್ಲೇ ಕೂತುಬಿಡುತ್ತದೆ. ಸಂಪ್ ಹತ್ತಿರದ ಸ್ವಿಚ್ ಆನ್ ಮಾಡುವುದೂ ಬೇಡ, ಆಫ್ ಮಾಡುವುದೂ ಬೇಡ, ಒಂದು ಕಿಡಿ ಸಾಕು. ಯಾರೂ ಒಳಗೆ ಇಳಿಯಬಾರದು. ಈಗಲೇ 101ಕ್ಕೋ 112ಕ್ಕೋ ಫೋನ್ ಮಾಡಿ, ಜಲಮಂಡಳಿಯ 1916ಕ್ಕೂ ಹೇಳಿ.

ಇನ್ನು ಬಂಕಿನ ಒಳಗಿನ ಮಾತು. ನಾನು ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ದಿನಾ ಬೆಳಿಗ್ಗೆ ಡಿಪ್ ರಾಡ್ ಇಳಿಸಿ ಟ್ಯಾಂಕಲ್ಲಿ ಎಷ್ಟಿದೆ ಅಂತ ಬರೆದುಕೊಳ್ಳುತ್ತಿದ್ದೆವು, ರಾಡಿಗೆ ನೀರು ತಗುಲಿದರೆ ಬಣ್ಣ ಬದಲಾಗುವ ಪೇಸ್ಟ್ ಹಚ್ಚಿ ತಳದಲ್ಲಿ ನೀರು ಇದೆಯಾ ಅಂತಲೂ ನೋಡುತ್ತಿದ್ದೆವು. ಪಂಪಿನ ಮೀಟರ್ ಪ್ರಕಾರ ಮಾರಿದ್ದು ಕಳೆದು ಉಳಿಯಬೇಕಾದ್ದಕ್ಕಿಂತ ಸ್ಟಾಕ್ ದಿನಾ ಕಮ್ಮಿ ಬರುತ್ತಿದ್ದರೆ ಟ್ಯಾಂಕೋ ಪೈಪೋ ತೂತಾಗಿದೆ ಅನ್ನುವ ಅನುಮಾನ ಬರಲೇಬೇಕು. ಮಳೆಗಾಲದಲ್ಲಿ ತಳದ ನೀರು ಜಾಸ್ತಿಯಾಗುತ್ತಿದ್ದರೂ ಅಷ್ಟೇ. ಮ್ಯಾನೇಜರ್ ಹತ್ತಿರ ಜಗಳ ಆಡಿ ಏನೂ ಸಿಗುವುದಿಲ್ಲ. ಆ ಬಂಕಿನ ಆಯಿಲ್ ಕಂಪನಿಯ ಸೇಲ್ಸ್ ಆಫೀಸರ್‌ಗೆ ಬರೆದು, ರಿಜಿಸ್ಟರ್ ನೋಡಿ, ಟ್ಯಾಂಕ್ ಪ್ರೆಶರ್ ಟೆಸ್ಟ್ ಮಾಡಿಸಿ ಅಂತ ಕೇಳಿ.

ಅರ್ಜಿ_ಅಜ್ಜ:
ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ ಮಗಾ. ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಇದೆ, ಅಲ್ಲಿ ಅರ್ಜಿ ಕೊಟ್ಟು ನಿನ್ನ ಕಾಪಿಗೆ ಸೀಲ್ ಹಾಕಿಸಿಕೊ. ಬಂಕಿನ ಟ್ಯಾಂಕಿಗೆ ಲೈಸೆನ್ಸ್ ಕೊಡುವುದು ಪೆಸೋ (PESO), ಪೆಟ್ರೋಲ್ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರದ ಇಲಾಖೆ, ಹೆಡ್ ಆಫೀಸ್ ನಾಗಪುರ. ಅವರಿಗೂ ಒಂದು ಕಾಪಿ ಹೋಗಲಿ. ವಾಸನೆ ಶುರುವಾದ ದಿನ, ಮಳೆ ಬಂದ ದಿನ, ಅಕ್ಕಪಕ್ಕದ ಯಾವ ಯಾವ ಬೋರಿನಲ್ಲಿ ಹೀಗಿದೆ ಅಂತೆಲ್ಲ ಬರೆ. ಆದರೆ "ಈ ಬಂಕೇ ಕಾರಣ" ಅಂತ ಬರೆಯಬೇಡ. ನಮ್ಮೂರಿನ ನೆಲದ ಕೆಳಗೆ ಗಟ್ಟಿ ಬಂಡೆ, ನೀರು ಬಿರುಕು ಹಿಡಿದು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಮೂಲ ಹುಡುಕುವುದು ಅವರ ಕೆಲಸ.

ಸಂಪ್_ಸಂಕಟ:
ಫೈರ್‌ನವರು ಬಂದರು, ಬಿಲ್ಡಿಂಗಿನ ಕರೆಂಟ್ ಲೈನ್ ಹೊರಗಿನಿಂದಲೇ ಕಟ್ ಮಾಡಿಸಿದರು. ಕುಡಿಯಲು ಕ್ಯಾನ್ ನೀರು ತಂದೆವು. ಎದುರು ಮನೆಯವರ ಬೋರಿಗೂ ವಾಸನೆ ಇದೆಯಂತೆ, ಒಂದು ತಿಂಗಳಿಂದ ಸುಮ್ನೆ ಇದ್ದಾರೆ! ನಮ್ಮ ಓನರ್ ಅಂತೂ "ದೊಡ್ಡದು ಮಾಡಬೇಡಿ, ಬಾಡಿಗೆಗೆ ಯಾರೂ ಬರುವುದಿಲ್ಲ" ಅನ್ನುತ್ತಿದ್ದಾರೆ. ನಾಳೆ ಎದುರು ಮನೆಯವರ ಸಹಿಯನ್ನೂ ಹಾಕಿಸಿಕೊಂಡು ಚರ್ಚ್ ಸ್ಟ್ರೀಟಿಗೆ ಹೋಗುತ್ತೇನೆ.